ಮನೆತನ, ಜೀನ್ ಮತ್ತು ಒಂದು ಚೀಲ ಶೇಂಗಾ

ಎಲ್ಲರಿಗೂ ನಮಸ್ಕಾರ. ಗದುಗಿನಲ್ಲಿ ಮಾತಾಡಬೇಕು ಅಂತ ಕರೆದಾಗ ಎರಡು ಬಟ್ಟಲು ಶೇಂಗಾ ಹಿಡಿದುಕೊಂಡೇ ಬಂದೆ. ಮೇಜಿನ ಮೇಲಿವೆ, ಒಂದಕ್ಕೆ ಗಾಜಿನ ಮುಚ್ಚಳ ಇದೆ. ಅದನ್ನು ಈಗಲೇ ತೆಗೆಯಬೇಡಿ.

ಯಾರಿಗಾದರೂ ಕ್ಯಾನ್ಸರ್ ಅಂದ ಕೂಡಲೇ ನಮ್ಮ ಕಡೆ ಬರುವ ಮೊದಲ ಮಾತು, "ಅವರ ಮನೆತನದಾಗ ಇತ್ತೇನ್ರಿ?" ಹೆಣ್ಣು ನೋಡಲು ಬಂದವರೂ ಇದನ್ನೇ ಕೇಳುತ್ತಾರೆ. ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಯಾಕಂದರೆ ಸ್ತನ ಕ್ಯಾನ್ಸರ್‌ಗೆ ಹೆಸರಾದ ಬಿಆರ್‌ಸಿಎ ಥರದ ಒಂದು ಜೀನ್‌ನ ಕೆಟ್ಟ ರೂಪ ಹೆತ್ತವರಿಂದ ನೇರವಾಗಿ ಬಂದು ಆಗುವ ಕ್ಯಾನ್ಸರ್ ನೂರಕ್ಕೆ 5ರಿಂದ 10 ಮಾತ್ರ. ಉಳಿದವುಗಳಲ್ಲಿ ವಯಸ್ಸು, ತಂಬಾಕು, ಊಟ, ಸೋಂಕು, ನಮ್ಮ ಜೀನ್‌ಗಳ ಸಣ್ಣಪುಟ್ಟ ವ್ಯತ್ಯಾಸ ಎಲ್ಲ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಮತ್ತೆ ಒಂದು ಮನೆತನದವರು ಹಂಚಿಕೊಳ್ಳುವುದು ರಕ್ತ ಒಂದನ್ನೇ ಅಲ್ಲ, ಒಂದೇ ಒಲೆಯ ಊಟ, ಒಂದೇ ಚೀಲದ ಶೇಂಗಾನೂ ಹೌದು, ಅಲ್ವಾ?

ಶೇಂಗಾ ಸರಿಯಾಗಿ ಒಣಗದಿದ್ದರೆ ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಬೂಸ್ಟು ಹಿಡಿಯುತ್ತದೆ. ಅದು ಬಿಡುವ ವಿಷದ ಹೆಸರು ಅಫ್ಲಾಟಾಕ್ಸಿನ್. ಹೊಟ್ಟೆಗೆ ಹೋದಾಗ ಅದು ಇನ್ನೂ ಅಷ್ಟು ಚುರುಕಾಗಿರುವುದಿಲ್ಲ. ನಮ್ಮ ಲಿವರ್‌ನ ಕಿಣ್ವಗಳೇ ಅದನ್ನು ಡಿಎನ್‌ಎಗೆ ಅಂಟುವ ರೂಪಕ್ಕೆ ತಿರುಗಿಸುತ್ತವೆ. ಅದನ್ನು ಹಿಡಿದು ಹೊರಗೆ ಹಾಕಲು ಜಿಎಸ್‌ಟಿ ಅನ್ನುವ ಇನ್ನೊಂದು ಗುಂಪಿನ ಕಿಣ್ವಗಳಿವೆ. ಆದರೆ ಆ ಗುಂಪಿನ ಕೆಲವು ಜೀನ್‌ಗಳು ಎಷ್ಟೋ ಜನರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಹಾಗಾಗಿ ಅಣ್ಣತಮ್ಮ ಒಂದೇ ಚಟ್ನಿ ತಿಂದರೂ ಇಬ್ಬರ ಮೈಯಲ್ಲಿ ಲೆಕ್ಕ ಬೇರೆ ಆಗಬಹುದು. ತಪ್ಪಿಸಿಕೊಂಡ ವಿಷ ಪಿ53 ಜೀನ್‌ನ 249ನೇ ಜಾಗದಲ್ಲಿ ಡಿಎನ್‌ಎಯ ಒಂದು ಅಕ್ಷರ ಕೆಡಿಸಬಹುದು. ಪಿ53 ಅಂದರೆ ಜೀವಕೋಶದ ಕಾವಲುಗಾರ. ಇದರ ಜೊತೆ ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಸೇರಿದರಂತೂ ಬಹಳ ಅಪಾಯ. ಶಾಂಘೈನಲ್ಲಿ ನಡೆದು 1990ರ ದಶಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡೂ ಇಲ್ಲದವರಿಗೆ ಹೋಲಿಸಿದರೆ ಅಫ್ಲಾಟಾಕ್ಸಿನ್ ಒಂದೇ ಇದ್ದವರಿಗೆ ಲಿವರ್ ಕ್ಯಾನ್ಸರ್ ಅಪಾಯ ಸುಮಾರು 3 ಪಟ್ಟು, ವೈರಸ್ ಒಂದೇ ಇದ್ದವರಿಗೆ 7 ಪಟ್ಟು, ಎರಡೂ ಇದ್ದವರಿಗೆ ಸುಮಾರು 60 ಪಟ್ಟು ಕಂಡಿತು.

ನಮ್ಮಜ್ಜಿ ಮೊರದಲ್ಲಿ ಶೇಂಗಾ ಹಸನು ಮಾಡುವಾಗ ಸುಕ್ಕು ಬಿದ್ದದ್ದು, ಕಪ್ಪಾದದ್ದು, ಹಸಿರು ಪುಡಿ ಹತ್ತಿದ್ದು, ಒಂದೊಂದನ್ನೇ ಹೆಬ್ಬೆರಳಿಂದ ಬದಿಗೆ ತಳ್ಳುತ್ತಿದ್ದರು. ಒಂದು ಕಹಿ ಕಾಳು ಬಾಯಿಗೆ ಬಂದರೆ ಉಗುಳಿ ಬಾಯಿ ತೊಳೆಸುತ್ತಿದ್ದರು. ಈಗ ಅದೇ ಕಾಳು ಚಟ್ನಿಪುಡಿಗೆ ಹೋಗುತ್ತದೆ, ಖಾರ ಬೆಳ್ಳುಳ್ಳಿ ಮಧ್ಯೆ ಕಹಿ ಗೊತ್ತೇ ಆಗುವುದಿಲ್ಲ. ಹುರಿದರೆ ಹೋಗುತ್ತದೆ ಅನ್ನುತ್ತಾರೆ. ಪೂರ್ತಿ ಹೋಗುವುದಿಲ್ಲ.

ಪೋಷಕಾಂಶಕ್ಕೆ ಬರೋಣ. ಮೆಂತ್ಯ ಪಲ್ಯೆ, ಹೆಸರುಕಾಳಿನಲ್ಲಿ ಫೋಲೇಟ್ ಅನ್ನುವ ಬಿ ವಿಟಮಿನ್ ಇದೆ. ಹೊಸ ಡಿಎನ್‌ಎ ಕಟ್ಟಲು ಅದು ಬೇಕೇ ಬೇಕು. ಅದನ್ನು ಬಳಸುವ ಎಂಟಿಎಚ್‌ಎಫ್‌ಆರ್ ಅನ್ನುವ ಕಿಣ್ವ ಕೆಲವರಲ್ಲಿ ಜೀನ್‌ನ ವ್ಯತ್ಯಾಸದಿಂದ ನಿಧಾನ. ಇದು ಕೆಟ್ಟದ್ದು ಅನ್ನಿಸುತ್ತದೆ. ಆದರೆ ಅಮೆರಿಕದ ವೈದ್ಯರನ್ನೇ ಗಮನಿಸಿ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫೋಲೇಟ್ ಸಾಕಷ್ಟು ಇದ್ದಾಗ ಅಂಥವರಿಗೇ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ ಕಂಡಿತು. ಫೋಲೇಟ್ ಕಡಿಮೆಯಾದಾಗ ಆ ಲಾಭ ಹೋಯಿತು, ಕುಡಿತ ಜಾಸ್ತಿ ಇದ್ದವರಲ್ಲೂ ಅಷ್ಟೇ. ಅಂದರೆ ಜೀನ್ ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ತಟ್ಟೆ ನೋಡದೆ ಹೇಳಲು ಬರುವುದಿಲ್ಲ. ನಾವು ರೊಟ್ಟಿ ಜೊತೆ ಮೆಂತ್ಯವನ್ನು ಹಸಿಯಾಗಿಯೇ ತಿನ್ನುತ್ತೇವಲ್ಲ, ಅದು ಒಳ್ಳೆಯ ರೂಢಿ. ಬೇಯಿಸಿ ನೀರು ಚೆಲ್ಲಿದರೆ ಫೋಲೇಟ್ ನೀರಿನ ಜೊತೆಗೇ ಹೋಗುತ್ತದೆ.

ಹಾಗಾದರೆ ಮಾತ್ರೆ ನುಂಗೋಣ ಅನ್ನಬೇಡಿ. ಫಿನ್ಲೆಂಡಿನಲ್ಲಿ 29,133 ಜನ ಸಿಗರೇಟು ಸೇದುವ ಗಂಡಸರ ಮೇಲೆ ಪ್ರಯೋಗ ನಡೆಯಿತು. ಗಜ್ಜರಿಯಲ್ಲಿರುವ ಬೀಟಾ ಕ್ಯಾರೊಟಿನ್‌ನ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿಯಾಯಿತು ಅಂತ 1994ರಲ್ಲಿ ಗೊತ್ತಾಯಿತು. ಗಜ್ಜರಿ ತಿನ್ನುವುದೇ ಬೇರೆ, ಅದರೊಳಗಿನ ಒಂದು ವಸ್ತುವನ್ನು ದಿನಾ ಮಾತ್ರೆಯಾಗಿ ನುಂಗುವುದೇ ಬೇರೆ.

ಇನ್ನು ಬಟ್ಟಲು ನೋಡೋಣ, ಒಬ್ಬೊಬ್ಬರಾಗಿ ಮುಂದೆ ಬನ್ನಿ. ಮೊದಲನೆಯದರ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕಾಳು ಗಲಗಲ ಅನ್ನುತ್ತದೆ. ಅಷ್ಟು ಒಣಗಿದ ಮೇಲೆಯೇ ಚೀಲ ಕಟ್ಟಬೇಕು. ಎರಡನೆಯದನ್ನು ಗಾಜಿನ ಮೇಲಿಂದಲೇ ನೋಡಿ. ಆ ಹಸಿರು ಪುಡಿ ಕಂಡಿತಾ?