ಮೊದಲ ಅಕ್ಷರ ಹಿಡಿದು ಜಪಾನಿ ಹಾಡು

ಕೇಳುಗರೆಲ್ಲರಿಗೂ ನಮಸ್ಕಾರ. ಜಪಾನಿ ಭಾಷೆಯನ್ನು ಕಲಿಯುತ್ತಿರುವವರು, ಅಂತ್ಯಾಕ್ಷರಿಯಲ್ಲಿ ಮನೆಮಂದಿಯನ್ನೆಲ್ಲ ಸೋಲಿಸಿ ಕುಳಿತವರು, ಉದ್ಯೋಗದ ನಿಮಿತ್ತ ಜಪಾನಿಗೆ ಹೋಗಿ ಸಹೋದ್ಯೋಗಿಗಳೊಡನೆ ಕರಾವೊಕೆ ಕೋಣೆಯಲ್ಲಿ ಕೂರಬೇಕಾಗಿ ಬರುವವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೊತ್ತು ಮಾತನಾಡುತ್ತೇನೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ಜಪಾನಿ ಹಾಡನ್ನು ಅದರ ಹೆಸರಿನ ಮೊದಲ ಅಕ್ಷರದಿಂದ ನೆನಪಿಡಿ. ಹಾಡಿದವರು ಯಾರು, ಯಾವ ಕಾಲದ್ದು, ಅರ್ಥವೇನು ಎಂಬುದೆಲ್ಲ ಆಮೇಲಿನ ವಿಚಾರ.

1971ರಲ್ಲಿ ಕೊಬೆ ನಗರದ ವಾದ್ಯಗಾರ ಇನೊಉಎ ದೈಸುಕೆ ಅವರು ನಾಣ್ಯ ಹಾಕಿದರೆ ಹಾಡುಗಾರನಿಲ್ಲದ ಬರೀ ವಾದ್ಯಸಂಗೀತವನ್ನು ನುಡಿಸುವ, ಅದರೊಡನೆ ಜನ ತಾವೇ ಹಾಡಬಹುದಾದ ಕರಾವೊಕೆ ಪೆಟ್ಟಿಗೆಯೊಂದನ್ನು ತಯಾರಿಸಿದರು. ಅದಕ್ಕೆ ಪೇಟೆಂಟು ಪಡೆಯುವ ಗೋಜಿಗೆ ಅವರು ಹೋಗಲಿಲ್ಲ. ಮುಂದೆ ಹಾಡುಗಳು ಹೆಚ್ಚಿದಂತೆ ಕರಾವೊಕೆ ಕೋಣೆಯ ಮೇಜಿನ ಮೇಲೆ ದಪ್ಪನೆಯ ಹಾಡುಪಟ್ಟಿ ಬಂದು ಕುಳಿತಿತು. 1992ರಿಂದ ಹಾಡುಗಳು ದೂರವಾಣಿ ತಂತಿಯ ಮೂಲಕವೇ ಯಂತ್ರಕ್ಕೆ ಬರತೊಡಗಿದವು, ಈಗ ಪಟ್ಟಿಯ ಜಾಗದಲ್ಲಿ ಬೆರಳಿನಿಂದ ಒತ್ತುವ ಪರದೆಯಿದೆ. ಆದರೆ ಪುಸ್ತಕವಿರಲಿ, ಪರದೆಯಿರಲಿ, ಹೆಸರು ಹಿಡಿದು ಹಾಡು ಹುಡುಕುವ ಕ್ರಮ ಬದಲಾಗಿಲ್ಲ. ಅದು ಜಪಾನಿ ಅಕ್ಷರಮಾಲೆಯ ಕ್ರಮ.

ಆ ಕ್ರಮವನ್ನು ನಾವು ಹೊಸದಾಗಿ ಕಲಿಯಬೇಕಾಗಿಯೇ ಇಲ್ಲ ಎಂಬುದು ನನ್ನ ಸಂತೋಷ. ಅ, ಇ, ಉ, ಎ, ಒ. ಕ, ಕಿ, ಕು, ಕೆ, ಕೊ. ಮುಂದೆ ಸ, ತ, ನ, ಹ, ಮ, ಯ, ರ, ವ. ಸಂಸ್ಕೃತ ಮಂತ್ರಗಳ ಉಚ್ಚಾರಣೆಗಾಗಿ ಸಿದ್ಧಂ ಎಂಬ ಭಾರತೀಯ ಲಿಪಿಯನ್ನು ಅಭ್ಯಾಸ ಮಾಡಿದ ಜಪಾನಿನ ಬೌದ್ಧ ಭಿಕ್ಷುಗಳ ಮೂಲಕ ನಮ್ಮ ವರ್ಣಮಾಲೆಯ ಜಾಡು ಅಲ್ಲಿಗೆ ತಲುಪಿತು. ನ ಮತ್ತು ಮ ಅಕ್ಷರಗಳ ನಡುವೆ ಹ ಬಂದು ಕುಳಿತದ್ದೇಕೆ ಎಂದು ನೀವು ಕೇಳಬಹುದು. ಹಿಂದೆ ಅದು ಪ ಆಗಿತ್ತು. ನಮ್ಮ ಪಾಲು ಹಾಲಾಯಿತಲ್ಲ, ಹಾಗೆ. ಜಪಾನಿಯ ಹ್ರಸ್ವ ಎ, ಹ್ರಸ್ವ ಒ ಕೂಡ ಕನ್ನಡದಲ್ಲಿ ಇದ್ದ ಹಾಗೆಯೇ ಇವೆ. ಇಷ್ಟೆಲ್ಲ ಕೈಯಲ್ಲಿದ್ದೂ ನಮ್ಮ ವಿದ್ಯಾರ್ಥಿಗಳು ಹಾಡಿನ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು, ತ ಎಲ್ಲಿ, ತ್ಸು ಎಲ್ಲಿ, ಚಿ ಎಲ್ಲಿ ಎಂದು ತಡಕಾಡುವುದನ್ನು ಕಂಡಾಗ ನನಗೆ ತಾಳ್ಮೆ ಉಳಿಯುವುದಿಲ್ಲ. ದಯವಿಟ್ಟು ಕನ್ನಡದಲ್ಲಿ ಬರೆದುಕೊಳ್ಳಿ. ಚಿ ಮತ್ತು ತ್ಸು ಎರಡೂ ತ ಸಾಲಿನವು ಎಂಬುದನ್ನಷ್ಟೇ ನೆನಪಿಡಿ.

ಇನ್ನು ಆಟದ ವಿಷಯ. ಜಪಾನಿನಲ್ಲಿ ಶಿರಿತೊರಿ ಎಂಬ ಆಟವಿದೆ: ಹಿಂದಿನವರು ಹೇಳಿದ ಪದದ ಕೊನೆಯ ಅಕ್ಷರದಿಂದ ಮುಂದಿನವರು ಹೊಸ ಪದ ಹೇಳಬೇಕು, ಪದ ನ್ ಎಂಬ ಅಕ್ಷರದಲ್ಲಿ ಮುಗಿದರೆ ಹೇಳಿದವರು ಸೋತಂತೆ. ಇದನ್ನೇ ಹಾಡಿನ ಹೆಸರುಗಳಲ್ಲಿ ಆಡಿದರೆ ಕರಾವೊಕೆ ಅಂತ್ಯಾಕ್ಷರಿಯಾಗುತ್ತದೆ. ನಾವು ಸಾಹಿತ್ಯದ ಸಾಲನ್ನು ಹಿಡಿಯುತ್ತೇವೆ, ಅಲ್ಲಿ ಹೆಸರನ್ನು ಹಿಡಿಯುತ್ತಾರೆ.

ಒಸಾಕಾದ ಒಂದು ಕರಾವೊಕೆ ಕೋಣೆಯಲ್ಲಿ ನಾನು ಕಂಡ ಆಟವನ್ನು ವಿವರಿಸಿದರೆ ಎಲ್ಲವೂ ಸ್ಪಷ್ಟವಾದೀತು. ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರು ಎದ್ದು ನಿಂತು, 1977ರಲ್ಲಿ ಸೆನ್ ಮಸಒ ಹಾಡಿದ ‘ಕಿತಗುನಿ ನೊ ಹರು’ ಎಂಬ ಹಾಡನ್ನು ಕಣ್ಣು ಮುಚ್ಚಿ ಪೂರ್ತಿ ಹಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಆದರೆ ಮುಂದಿನ ಸರದಿಯ ಯುವಕನ ಮುಖ ಬಾಡಿತು. ಏಕೆಂದರೆ ಹೆಸರು ಮುಗಿದದ್ದು ರು ಎಂಬಲ್ಲಿ. ಅಚ್ಚ ಜಪಾನಿ ಪದಗಳು ರ ಸಾಲಿನಿಂದ ಆರಂಭವಾಗುವುದಿಲ್ಲ. ಚೀನೀ ಮೂಲದವು, ಪಾಶ್ಚಾತ್ಯ ಮೂಲದವು ಮಾತ್ರ ಹಾಗೆ ಆರಂಭವಾಗುತ್ತವೆ. ಹಿರಿಯರು ಇದನ್ನು ಬಲ್ಲವರಾಗಿ, ಬೇಕೆಂದೇ ರು ಕೊಟ್ಟಿದ್ದರು. ಯುವಕ ಪರದೆಯ ಮೇಲೆ ರು ಒತ್ತಿ, ತಾನೆಂದೂ ಕೇಳಿರದ ಹಾಡುಗಳ ಪಟ್ಟಿಯನ್ನು ಮೇಲೆ ಕೆಳಗೆ ಸರಿಸುತ್ತಿರುವಾಗ ಲೆಕ್ಕಪತ್ರ ವಿಭಾಗದ ಮಹಿಳೆಯೊಬ್ಬರು ಮೆಲ್ಲಗೆ ‘ರುಬೀ’ ಎಂದರು. ತೆರಒ ಅಕಿರ ಅವರ 1981ರ ‘ರುಬೀ ನೊ ಯುಬಿವ’! ಕಿವಿಯಲ್ಲಿ ಹೇಳಿಕೊಡುವುದು ನ್ಯಾಯವೇ ಎಂದು ಹಿರಿಯರು ಆಕ್ಷೇಪಿಸಿದರೂ ಯಾರೂ ಅವರ ಮಾತಿಗೆ ಕಿವಿಗೊಡಲಿಲ್ಲ. ಅದು ವ ಎಂದು ಮುಗಿದಾಗ ಆಕೆಯೇ ‘ವತರಸೆಬಶಿ’ ಹಾಡಿದರು. ತೊಚಿಗಿ ಪ್ರಾಂತದ ಅಶಿಕಗ ಪಟ್ಟಣದ ಸೇತುವೆಯೊಂದರ ಹೆಸರನ್ನೇ ಹೊತ್ತ 1993ರ ಹಾಡು ಅದು. ಶಿ ಬಂದಾಗ ಮತ್ತೊಬ್ಬರು ಒಕಿನಾವಾದ ಸ್ವರಛಾಯೆಯ ‘ಶಿಮ ಉತ’ ಹಾಡಿದರು. ತ ಬಂದಾಗ ಹಾಡು ಹೊಳೆಯದವರೊಬ್ಬರು ‘ತಕಿಬಿ’ ಎಂಬ ಶಿಶುಗೀತೆಯನ್ನು ಹಾಡಿ ಕೋಣೆಯನ್ನೆಲ್ಲ ನಗಿಸಿದರು. ಅಲ್ಲಿಗೆ ಜಗಳ ಹುಟ್ಟಿತು: ಬಿ ಎಂಬುದು ಹಿ ಅಕ್ಷರಕ್ಕೇ ಎರಡು ಗೀಟು ಸೇರಿದ್ದಾದ್ದರಿಂದ ಹಿ ಹಾಡಬಹುದೆಂದು ಹಿರಿಯರು, ಕೂಡದೆಂದು ಯುವಕ. ಇಂಥದ್ದನ್ನು ಆಟಕ್ಕೆ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ದೀರ್ಘ ಸ್ವರಕ್ಕೂ ಬರಹವನ್ನೇ ಪ್ರಮಾಣವಾಗಿಟ್ಟುಕೊಂಡರೆ ತಕರಾರಿಲ್ಲ. 1963ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ಅಗ್ರಸ್ಥಾನಕ್ಕೇರಿದ ಸಕಮೊತೊ ಕ್ಯೂ ಅವರ ‘ಉಎ ಒ ಮುಇತೆ ಅರುಕೋ’ ಕಿವಿಗೆ ಕೋ ಎಂದು ಮುಗಿದಂತೆ ಕೇಳಿದರೂ ಬರಹದಲ್ಲಿ ಅದರ ಕೊನೆಯ ಅಕ್ಷರ ಉ. ಉ ಎಂದು ಆರಂಭವಾಗಿ ಉ ಎಂದೇ ಮುಗಿಯುವ ಇದನ್ನು ಹಾಡಿದರೆ ಎದುರಾಳಿ ಮತ್ತೆ ಅದೇ ಅಕ್ಷರವನ್ನು ಹುಡುಕಬೇಕಾಗುತ್ತದೆ. ರೆ ಬಂದಾಗ ಎಲ್ಲರಿಗೂ 2018ರ ‘ರೆಮೊನ್’ ನೆನಪಾಗುತ್ತದೆ. ಅದನ್ನು ಹಾಡಿದವರ ಕಥೆ ನ್ ಅಕ್ಷರದಲ್ಲಿ ಮುಗಿಯುತ್ತದೆ. ಸ ಬಂದರೆ ಚಿಂತೆಯೇ ಇಲ್ಲ, ಬರೀ ‘ಸಕುರ’ ಎಂಬ ಹೆಸರಿನ ಹಾಡುಗಳೇ ಹಲವಿವೆ. ಆದ್ದರಿಂದಲೇ ಮತ್ತೆ ಹೇಳುತ್ತೇನೆ, ಪ್ರತಿ ಅಕ್ಷರಕ್ಕೂ ಒಂದೊಂದು ಹಾಡನ್ನು ಕಲಿತಿಟ್ಟುಕೊಳ್ಳಿ. ಸ ಅಕ್ಷರದಲ್ಲಿ ಹತ್ತು ಕಲಿತು ರು ಅಕ್ಷರದಲ್ಲಿ ಒಂದೂ ತಿಳಿಯದಿದ್ದರೆ ಪ್ರಯೋಜನವಿಲ್ಲ.

ಗಡಿಯಾರ ಎಚ್ಚರಿಸುತ್ತಿರುವುದರಿಂದ ಬಹಳ ಹಳೆಯ ಇನ್ನೊಂದು ಆಟವನ್ನು ಅವಸರದಲ್ಲೇ ಹೇಳಬೇಕಾಗಿದೆ. ಹದಿಮೂರನೆಯ ಶತಮಾನದಲ್ಲಿ ಫುಜಿವರ ನೊ ತೆಇಕ ಎಂಬ ಕವಿ ಸಂಕಲಿಸಿದ ನೂರು ಕವಿಗಳ ನೂರು ಪದ್ಯಗಳನ್ನು ಇಸ್ಪೀಟಿನಂಥ ಎಲೆಗಳ ಮೇಲೆ ಅಚ್ಚು ಹಾಕಿ ಕರುತ ಎಂಬ ಆಟವನ್ನು ಆಡುತ್ತಾರೆ. ಓದುವವರು ಪದ್ಯವನ್ನು ಮೊದಲಿನಿಂದ ಓದುತ್ತಾರೆ, ಉತ್ತರಾರ್ಧವಷ್ಟೇ ಬರೆದಿರುವ ಎಲೆಯನ್ನು ಆಟಗಾರರು ಎಲ್ಲರಿಗಿಂತ ಮೊದಲು ತಟ್ಟಬೇಕು. ಮು, ಸು, ಮೆ, ಫು, ಸ, ಹೊ, ಸೆ ಎಂಬ ಏಳು ಅಕ್ಷರಗಳಲ್ಲಿ ತಲಾ ಒಂದೇ ಪದ್ಯವಿರುವುದರಿಂದ ಮು ಕೇಳಿದೊಡನೆ ಕೈ ಹೊರಟಿರಬೇಕು. ಅ ಅಕ್ಷರದಲ್ಲಾದರೋ ಹದಿನಾರು ಪದ್ಯಗಳಿವೆ. ಅವುಗಳಲ್ಲಿ ಎರಡು ‘ಅಸಬೊರಕೆ’ ಎಂದೇ ಆರಂಭವಾಗುವುದರಿಂದ ಆರನೆಯ ಅಕ್ಷರ ಉ ಬರುವುದೋ ಅ ಬರುವುದೋ ಎಂದು ಉಸಿರು ಹಿಡಿದು ಕಾಯಬೇಕು. ಹೊಸಬರು ಆ ಏಳರಿಂದಲೇ ಕಲಿಕೆಯನ್ನು ಆರಂಭಿಸಲಿ. ಅ ಗುಂಪಿನ ಹದಿನಾರನ್ನು ವಿಂಗಡಿಸಿ ತೋರಿಸುವಷ್ಟು ಸಮಯ ಇಂದು ನನಗೆ ಉಳಿದಿಲ್ಲ. ನಮಸ್ಕಾರ.