ವಿಡಿಯೊದಿಂದ ತೆಗೆದ ಫೋಟೊ ಯಾರದು?

ಎಲ್ಲರಿಗೂ ನಮಸ್ಕಾರ.

ಓಡುವ ವಿಡಿಯೊದಿಂದ ಒಂದು ಚಿತ್ರವನ್ನು ಎತ್ತಿಕೊಂಡು ಫೋಟೊ ಮಾಡಿಕೊಳ್ಳುವುದರ ಬಗ್ಗೆ ಇವತ್ತಿನ ಮಾತು. ವಿಡಿಯೊ ಅಂದರೆ ಸಾಲಾಗಿ ಓಡುವ ಚಿತ್ರಗಳು, ಅದರಲ್ಲಿ ಒಂದೊಂದು ಚಿತ್ರವೂ ಒಂದು ಫ್ರೇಮ್. ಮೊದಲು ಒಂದು ಲೆಕ್ಕ ಮಾಡೋಣ. 4ಕೆ ವಿಡಿಯೊದ ಒಂದು ಫ್ರೇಮಿನಲ್ಲಿ ಅಗಲಕ್ಕೆ 3840, ಎತ್ತರಕ್ಕೆ 2160 ಪಿಕ್ಸೆಲ್, ಅಂದರೆ ಬಣ್ಣದ ಚುಕ್ಕಿಗಳು ಇರುತ್ತವೆ. ಗುಣಿಸಿದರೆ ಸುಮಾರು 83 ಲಕ್ಷ, ಅಂದರೆ 8.3 ಮೆಗಾಪಿಕ್ಸೆಲ್. 8ಕೆಗೆ ಬಂದರೆ ಅದರ ನಾಲ್ಕು ಪಟ್ಟು, 33 ಮೆಗಾಪಿಕ್ಸೆಲ್. ಪತ್ರಿಕೆಯ ಮುಖಪುಟಕ್ಕೆ ಇಷ್ಟು ಧಾರಾಳವಾಗಿ ಸಾಕು. 2009ರಲ್ಲೇ ಅಮೆರಿಕದ ಎಸ್ಕ್ವೈರ್ ಪತ್ರಿಕೆ ರೆಡ್ ವನ್ ಕ್ಯಾಮೆರಾದಲ್ಲಿ ತೆಗೆದ ವಿಡಿಯೊದಿಂದ ಒಂದು ಫ್ರೇಮ್ ಆರಿಸಿ ಮುಖಪುಟ ಮಾಡಿತ್ತು. ಅದು ಸಿನಿಮಾ ಕ್ಯಾಮೆರಾ. ಈಗ ಹೆಗಲಿಗೆ ನೇತುಹಾಕಿಕೊಳ್ಳುವ, ಫೋಟೊ ತೆಗೆಯುವ ಸ್ಟಿಲ್ ಕ್ಯಾಮೆರಾಗಳೇ 8ಕೆ ತೆಗೆಯುತ್ತವೆ. ಕ್ಯಾನನ್ ಆರ್5 ಬಂದದ್ದು 2020ರಲ್ಲಿ.

ಹಾಗಾದರೆ ಸುಮ್ನೆ ವಿಡಿಯೊ ಓಡಿಸಿಬಿಟ್ಟು, ಆಮೇಲೆ ಕೂತು ಬೇಕಾದ ಫ್ರೇಮ್ ತೆಗೆದುಕೊಂಡರೆ ಆಯ್ತಲ್ವಾ? ಸ್ಟಿಲ್ ಫೋಟೊಗ್ರಫಿ ಇನ್ನೇಕೆ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪಿಕ್ಸೆಲ್ ವಿಷಯದಲ್ಲಿ ವಿಡಿಯೊ ಗೆದ್ದಾಗಿದೆ. ಅದನ್ನು ಒಪ್ಪಿಕೊಂಡೇ ಮಾತು ಶುರು ಮಾಡೋಣ.

ಇವತ್ತಿಗೆ ಎರಡರ ನಡುವೆ ಉಳಿದಿರುವ ದೊಡ್ಡ ವ್ಯತ್ಯಾಸ ಶಟರ್, ಅಂದರೆ ಒಂದು ಚಿತ್ರಕ್ಕೆ ಎಷ್ಟು ಹೊತ್ತು ಬೆಳಕು ಬಿಡುತ್ತೇವೆ ಅನ್ನುವುದು. ಸೆಕೆಂಡಿಗೆ 25 ಫ್ರೇಮ್ ವಿಡಿಯೊ ತೆಗೆಯುವವರು ಸಾಮಾನ್ಯವಾಗಿ ಶಟರನ್ನು 1/50 ಸೆಕೆಂಡಿಗೆ ಇಡುತ್ತಾರೆ. ಮಿಂಚುಳ್ಳಿಯೊಂದು ನೀರಿಗೆ ಧುಮುಕುತ್ತಿದೆ ಎಂದುಕೊಳ್ಳಿ. 1/50 ಸೆಕೆಂಡಿನಲ್ಲಿ ಅದರ ರೆಕ್ಕೆ ಎಷ್ಟೋ ದೂರ ಸರಿದಿರುತ್ತದೆ. ವಿಡಿಯೊ ಓಡುವಾಗ ಆ ಮಸುಕು ಕಣ್ಣಿಗೆ ಹಿತ. ಒಂದು ಫ್ರೇಮು ಇನ್ನೊಂದಕ್ಕೆ ಅಂಟಿಕೊಂಡು ಚಲನೆ ನಯವಾಗಿ ಕಾಣುತ್ತದೆ. ಅದೇ ಜಾಗದಲ್ಲಿ ವಿಡಿಯೊ ನಿಲ್ಲಿಸಿ ನೋಡಿ. ರೆಕ್ಕೆ ಇರಬೇಕಾದ ಕಡೆ ನೀಲಿ ಬಣ್ಣ ಬಳಿದಂತಿರುತ್ತದೆ. ಗರಿ ಇಲ್ಲ, ನೀರಿನ ಹನಿಗಳೆಲ್ಲ ಗೆರೆಗಳಾಗಿವೆ. ಸರಿ, ಶಟರನ್ನು 1/2000ಕ್ಕೆ ಏರಿಸೋಣ ಅಂದರೆ ಒಂದೊಂದು ಗರಿಯೂ ಸ್ಪಷ್ಟವಾಗುತ್ತದೆ, ಆದರೆ ವಿಡಿಯೊ ಓಡಿಸಿದಾಗ ಹಕ್ಕಿ ತಡವರಿಸುತ್ತ ಹಾರಿದಂತೆ ಕಾಣುತ್ತದೆ. ಜೊತೆಗೆ ಬೆಳಕೂ ಜಾಸ್ತಿ ಬೇಕು. ಅಂದರೆ ಒಳ್ಳೆಯ ವಿಡಿಯೊಗೆ ಬೇಕಾದದ್ದು ಒಂದು, ಒಳ್ಳೆಯ ಫೋಟೊಗೆ ಬೇಕಾದದ್ದು ಇನ್ನೊಂದು. ಹೊರಡುವ ಮೊದಲೇ ಯಾವುದು ಬೇಕು ಅಂತ ತೀರ್ಮಾನ ಮಾಡಿಕೊಂಡಿರಬೇಕು.

ಕಂಪ್ರೆಷನ್, ಅಂದರೆ ಫೈಲನ್ನು ಚಿಕ್ಕದು ಮಾಡುವುದು ಕೂಡ ಒಂದು ತೊಡಕೇ. ಸಾಮಾನ್ಯ ವಿಡಿಯೊ ಫೈಲಿನಲ್ಲಿ ಎಲ್ಲ ಫ್ರೇಮುಗಳೂ ಪೂರ್ತಿಯಾಗಿ ಇರುವುದಿಲ್ಲ. ನಡುನಡುವೆ ಒಂದೊಂದು ಪೂರ್ತಿ ಚಿತ್ರ ಇರುತ್ತದೆ, ಉಳಿದವುಗಳಲ್ಲಿ ಏನು ಬದಲಾಯಿತು ಅನ್ನುವುದಷ್ಟೇ ದಾಖಲಾಗಿರುತ್ತದೆ. ಹಾಗಾಗಿ ನೀವು ಆರಿಸಿದ ಫ್ರೇಮಿನಲ್ಲಿ ವಿವರ ಕಡಿಮೆ ಇರಬಹುದು.

ಆದರೆ ಈ ತಾಂತ್ರಿಕ ಗೋಡೆಗಳನ್ನು ನಂಬಿಕೊಂಡು ಕೂರುವುದು ಬೇಡ. ಅವು ಬೀಳುತ್ತಿವೆ. 2023ರಲ್ಲಿ ಸೋನಿ ಕಂಪನಿ ಎ9-3 ಅನ್ನುವ ಕ್ಯಾಮೆರಾವನ್ನು ಪ್ರಕಟಿಸಿತು. ಅದರ ಸೆನ್ಸರಿನಲ್ಲಿ, ಅಂದರೆ ಬೆಳಕು ಹಿಡಿಯುವ ಭಾಗದಲ್ಲಿ, ಎಲ್ಲ ಪಿಕ್ಸೆಲ್‌ಗಳೂ ಒಂದೇ ಕ್ಷಣದಲ್ಲಿ ಬೆಳಕನ್ನು ದಾಖಲಿಸುತ್ತವೆ. ಸೆಕೆಂಡಿಗೆ 120ರ ವೇಗದಲ್ಲಿ 24 ಮೆಗಾಪಿಕ್ಸೆಲ್‌ನ ರಾ ಚಿತ್ರಗಳನ್ನು, ಅಂದರೆ ಸೆನ್ಸರ್ ದಾಖಲಿಸಿದ್ದನ್ನೆಲ್ಲ ಹಾಗೇ ಉಳಿಸಿಕೊಂಡ ಚಿತ್ರಗಳನ್ನು ತೆಗೆಯಬಹುದು. ಇದನ್ನು ವಿಡಿಯೊ ಅನ್ನಬೇಕಾ, ಸ್ಟಿಲ್ ಅನ್ನಬೇಕಾ? ಇನ್ನೊಂದು ಸೌಲಭ್ಯವೂ ಇದೆ. ಬಟನ್ ಒತ್ತುವುದಕ್ಕಿಂತ ಮುಂಚಿನ ಚಿತ್ರಗಳನ್ನೂ ಕ್ಯಾಮೆರಾ ಹಿಡಿದಿಟ್ಟುಕೊಂಡಿರುತ್ತದೆ. ಹಕ್ಕಿ ಹಾರಿದ ಮೇಲೆ ಒತ್ತಿದರೂ ಹಾರುವ ಗಳಿಗೆ ಸಿಗುತ್ತದೆ. ಸರಿಯಾದ ಕ್ಷಣಕ್ಕೆ ಬೆರಳು ಒತ್ತುವ ಕೈಚಳಕಕ್ಕೆ ಇನ್ನು ಮುಂದೆ ಮೊದಲಿನ ಬೆಲೆ ಇರುವುದಿಲ್ಲ. ನನಗೆ ಅದರ ಬಗ್ಗೆ ಬೇಸರವೂ ಇಲ್ಲ.

ಬೆರಳಿನ ಕೆಲಸ ಹೋದ ಮೇಲೆ ಏನು ಉಳಿಯುತ್ತದೆ? ಇದಕ್ಕೆ ಉತ್ತರ ಹುಡುಕಲು 1945ಕ್ಕೆ ಹೋಗಬೇಕು. ಎರಡನೇ ಮಹಾಯುದ್ಧದ ಸಮಯ, ಫೆಬ್ರವರಿ 23, ಜಪಾನಿನ ಇವೊ ಜಿಮಾ ದ್ವೀಪದ ಸುರಿಬಾಚಿ ಬೆಟ್ಟ. ಅಮೆರಿಕದ ಸೈನಿಕರು ಬಾವುಟ ಏರಿಸುತ್ತಿದ್ದಾರೆ. ಸುದ್ದಿ ಛಾಯಾಗ್ರಾಹಕ ಜೋ ರೋಸೆಂತಾಲ್ ತಮ್ಮ ಸ್ಪೀಡ್ ಗ್ರಾಫಿಕ್ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆದರು. ಅವರ ಪಕ್ಕದಲ್ಲೇ, ಕೆಲವೇ ಅಡಿ ದೂರದಲ್ಲಿ, ಬಿಲ್ ಜೆನಾಸ್ಟ್ ಎಂಬ ಸೈನಿಕ ಇದೇ ದೃಶ್ಯವನ್ನು ಬಣ್ಣದ ಸಿನಿಮಾ ಫಿಲ್ಮಿನಲ್ಲಿ ತೆಗೆಯುತ್ತಿದ್ದರು. ಅಂದರೆ ಇವತ್ತು ನಾವು ಮಾತಾಡುತ್ತಿರುವ ಪ್ರಯೋಗ ಆಗಲೇ ನಡೆದುಹೋಗಿದೆ: ಒಂದೇ ಜಾಗ, ಒಂದೇ ಕೋನ, ಒಂದು ಸ್ಟಿಲ್, ಒಂದು ಚಲನಚಿತ್ರ.

ಆ ಫಿಲ್ಮನ್ನು ನೋಡಿದರೆ ಬಾವುಟದ ಕಂಬ ಕೆಲವೇ ಸೆಕೆಂಡಿನಲ್ಲಿ ಮೇಲೆದ್ದು ನೆಟ್ಟಗಾಗುತ್ತದೆ. ಏನೋ ಕೆಲಸ ಮಾಡಿದರು, ಮುಗಿಯಿತು ಅನ್ನಿಸುತ್ತದೆ. ರೋಸೆಂತಾಲ್ ಅವರ ಚಿತ್ರದಲ್ಲಿ ಕಂಬ ಇನ್ನೂ ಓರೆಯಾಗಿದೆ. ಹಿಂದಿರುವವನ ಕೈಗಳು ಅದರತ್ತ ಚಾಚಿವೆ, ಇನ್ನೂ ಮುಟ್ಟಿಲ್ಲ. ಆ ಕೆಲಸ ಮುಗಿಯುವುದೇ ಇಲ್ಲ. ಫಿಲ್ಮಿನಲ್ಲೂ ಹೆಚ್ಚುಕಡಿಮೆ ಇದೇ ಫ್ರೇಮ್ ಇದೆ. ಆದರೆ ಓಡುವ ಚಿತ್ರದಲ್ಲಿ ಅದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

1968ರಲ್ಲಿ, ವಿಯೆಟ್ನಾಂ ಯುದ್ಧದ ಸಮಯದಲ್ಲಿ, ಸೈಗಾನ್ ನಗರದ ಬೀದಿಯಲ್ಲಿ ಸುದ್ದಿ ಛಾಯಾಗ್ರಾಹಕ ಎಡ್ಡಿ ಆಡಮ್ಸ್ ತೆಗೆದ, ಕೈದಿಯ ತಲೆಗೆ ಪೊಲೀಸ್ ಮುಖ್ಯಸ್ಥ ಗುಂಡು ಹಾರಿಸುವ ಚಿತ್ರದ ಕಥೆಯೂ ಇದೇ. ಟಿವಿಯವರ ಕ್ಯಾಮೆರಾವೂ ಅಲ್ಲೇ ಇತ್ತು. ಜನರ ಮನಸ್ಸಿನಲ್ಲಿ ಉಳಿದದ್ದು ಫೋಟೊ. ವಿಡಿಯೊ ನಮ್ಮನ್ನು ಮುಂದಿನ ಸೆಕೆಂಡಿಗೆ ಎಳೆದುಕೊಂಡು ಹೋಗುತ್ತದೆ. ಫೋಟೊದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು ನೋಡುವವರೇ ತೀರ್ಮಾನಿಸುತ್ತಾರೆ. ಈ ಸ್ವಾತಂತ್ರ್ಯವನ್ನು ಕೊಡುವುದು ರೆಸಲ್ಯೂಷನ್, ಅಂದರೆ ಪಿಕ್ಸೆಲ್ ಎಣಿಕೆ ಅಲ್ಲ. ಹಾಗಾಗಿ ರೆಸಲ್ಯೂಷನ್ ಎಷ್ಟೇ ಏರಿದರೂ ಸ್ಟಿಲ್ ಚಿತ್ರ ಸಾಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ನನ್ನ ಆತಂಕ ಬೇರೆ. ಸೆಕೆಂಡಿಗೆ 25 ಫ್ರೇಮಿನಂತೆ ಒಂದು ಗಂಟೆ ತೆಗೆದರೆ 90,000 ಚಿತ್ರ. ಅದನ್ನೆಲ್ಲ ಯಾರು ನೋಡುತ್ತಾರೆ? ಸಾಫ್ಟ್‌ವೇರ್ ನೋಡುತ್ತದೆ. ಕಣ್ಣು ತೆರೆದಿವೆಯಾ, ಮುಖ ಫೋಕಸ್‌ನಲ್ಲಿದೆಯಾ, ನಗು ಇದೆಯಾ ಅಂತ ನೋಡಿ ಕೆಲವನ್ನು ಎತ್ತಿಕೊಡುತ್ತದೆ. ನಗು ಮಾಯವಾಗಿ ಮುಖ ಇನ್ನೇನೋ ಆಗುತ್ತಿರುವ ಆ ಒಂದು ಫ್ರೇಮನ್ನು ಅದು ಬದಿಗೆ ಸರಿಸಿಬಿಡಬಹುದು. ಎಷ್ಟೋ ಸಲ ಒಳ್ಳೆಯ ಭಾವಚಿತ್ರ ಇರುವುದೇ ಅಲ್ಲಿ.

ಇನ್ನೊಂದು, ಆಮೇಲೆ ಆರಿಸಿದರಾಯಿತು ಅಂದುಕೊಂಡವರ ಕಾಲು ನಿಂತಲ್ಲೇ ನಿಲ್ಲುತ್ತದೆ. ಮಾತಾಡುತ್ತಿರುವವರ ತಲೆಯ ಹಿಂದೆ ಒಂದು ಕಂಬ ಬಂದಿದೆ. ಸ್ಟಿಲ್ ತೆಗೆಯುವವರು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ಸ್ವಲ್ಪ ಮಂಡಿ ಬಗ್ಗಿಸಿ, ಕಂಬವನ್ನು ತಲೆಯಿಂದ ಬಿಡಿಸುತ್ತಾರೆ. ವಿಡಿಯೊ ಓಡುತ್ತಿರುವಾಗ ಹಾಗೆ ಸರಿದರೆ ಇಡೀ ದೃಶ್ಯ ಅಲುಗಾಡುತ್ತದೆ, ಅದಕ್ಕೇ ಸರಿಯುವುದಿಲ್ಲ. ಹಾಗಾಗಿ 90,000 ಫ್ರೇಮಿನಲ್ಲೂ ಕಂಬ ತಲೆಯ ಮೇಲೇ ಇರುತ್ತದೆ. ಸಮಯವನ್ನು ಆಮೇಲೆ ಆರಿಸಬಹುದು, ನಿಲ್ಲುವ ಜಾಗವನ್ನು ಅಲ್ಲೇ, ಆಗಲೇ ಆರಿಸಬೇಕು. ಕಲಿಯುತ್ತಿರುವವರಿಗೆ ನಾನು ಹೇಳುವುದು ಇಷ್ಟೇ: ವಿಡಿಯೊದಿಂದ ಫ್ರೇಮ್ ತೆಗೆಯಿರಿ, ತಪ್ಪೇನಿಲ್ಲ. ಆದರೆ ರೆಕಾರ್ಡ್ ಒತ್ತುವ ಮುಂಚೆ ಒಂದು ಸುತ್ತು ನಡೆದು ನೋಡಿ.

ಕೊನೆಯದಾಗಿ ಹೆಸರಿನ ಮಾತು. ಜೆನಾಸ್ಟ್ ಅದಾದ ಕೆಲವೇ ದಿನಗಳಲ್ಲಿ ಅದೇ ದ್ವೀಪದಲ್ಲಿ ಸತ್ತರು. ಅವರ ಫಿಲ್ಮನ್ನು ಲೆಕ್ಕವಿಲ್ಲದಷ್ಟು ಜನ ನೋಡಿದ್ದಾರೆ, ಹೆಸರು ಬಲ್ಲವರು ಕಡಿಮೆ. ಮುಂದೆ ಬರುವ ಬಹಳಷ್ಟು ಚಿತ್ರಗಳನ್ನು ಒಬ್ಬರು ಕ್ಯಾಮೆರಾ ಹಿಡಿದು ತೆಗೆದಿರುತ್ತಾರೆ, ಇನ್ನೊಬ್ಬರು ಕೂತು ಆರಿಸಿರುತ್ತಾರೆ. ಇಬ್ಬರ ಕೆಲಸವೂ ಕೆಲಸವೇ. ಅಂಥ ಚಿತ್ರದ ಕೆಳಗೆ ಎರಡೂ ಹೆಸರು ಅಚ್ಚಾಗಬೇಕು, ವಿಡಿಯೊದಿಂದ ತೆಗೆದದ್ದು ಅನ್ನುವುದೂ ಇರಬೇಕು. ಪತ್ರಿಕೆಗಳು ಮತ್ತು ಸ್ಪರ್ಧೆ ನಡೆಸುವವರು ಈ ನಿಯಮವನ್ನು ಈಗಲೇ ಬರೆದುಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.