ದಮ್ಮಿನ ಅಳತೆಗೆ ಮೂರು ನಿಮಿಷ

ಕೇಳುಗರಿಗೆ ನಮಸ್ಕಾರ. ನಿತ್ಯ ಮೈದಾನಕ್ಕಿಳಿಯುವ ವಿದ್ಯಾರ್ಥಿಗೂ ಬಸ್ಸಿಳಿದು ಬೆಂಚು ಹಿಡಿಯುವ ವಿದ್ಯಾರ್ಥಿಗೂ ದಮ್ಮಿನಲ್ಲಿ ಎಷ್ಟು ಅಂತರ? ಬಳ್ಳಾರಿ ಸೀಮೆಯ ಕಾಲೇಜುಗಳಲ್ಲೇ ಇದನ್ನು ಅಳೆಯಬಹುದು. ಮೈ ಪೂರ್ತಿ ದುಡಿಯುವಾಗ ಪ್ರತಿ ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಕೆಯಾಗುತ್ತದೆ ಎಂಬುದೇ ಲೆಕ್ಕ.

ಹನ್ನೆರಡು ನಿಮಿಷದಲ್ಲಿ ಎಷ್ಟು ದೂರ ಓಡುತ್ತಾರೆಂದು ನೋಡುವ ಕೂಪರ್ ಓಟ ಎಲ್ಲರಿಗೂ ಗೊತ್ತು. ಆದರೆ ಓಡಿ ರೂಢಿಯಿಲ್ಲದವರು ಮೊದಲ ಸುತ್ತಿನಲ್ಲೇ ಜೋರಾಗಿ ಓಡಿ ಆಮೇಲೆ ಸೊಂಟ ಹಿಡಿದು ನಿಲ್ಲುತ್ತಾರೆ. ಅಲ್ಲಿ ಅಳತೆಗೆ ಸಿಕ್ಕಿದ್ದು ದಮ್ಮಲ್ಲ, ವೇಗ ಹಂಚಿಕೊಳ್ಳುವ ಜಾಣತನ. ಅದಕ್ಕೇ ಕ್ವೀನ್ಸ್ ಕಾಲೇಜ್ ಮೆಟ್ಟಿಲು ಪರೀಕ್ಷೆ ಮೇಲು.

41.3 ಸೆಂ.ಮೀ. ಎತ್ತರದ ಗಟ್ಟಿ ಪೆಟ್ಟಿಗೆ ಮಾಡಿಸಿ, ಅಲುಗಾಡಬಾರದು. ಹುಡುಗರು ನಿಮಿಷಕ್ಕೆ 24 ಸಲ, ಹುಡುಗಿಯರು 22 ಸಲ ಹತ್ತಿಳಿಯಬೇಕು. ಒಂದು ಸಲಕ್ಕೆ ನಾಲ್ಕು ಹೆಜ್ಜೆ; ಮೊಬೈಲಿನ ಮೆಟ್ರೊನೋಮನ್ನು, ಅಂದರೆ ತಾಳ ಹಾಕುವ ಆ್ಯಪನ್ನು, ಹುಡುಗರಿಗೆ ನಿಮಿಷಕ್ಕೆ 96ಕ್ಕೆ, ಹುಡುಗಿಯರಿಗೆ 88ಕ್ಕೆ ಇಡಿ. ಮೂರು ನಿಮಿಷ ಮುಗಿದೊಡನೆ ನಿಂತೇ ಇರಲಿ. ಐದನೇ ಸೆಕೆಂಡಿನಿಂದ ಇಪ್ಪತ್ತನೇ ಸೆಕೆಂಡಿನವರೆಗೆ ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ಹುಡುಗರಿಗೆ ಅದನ್ನು 0.42ರಿಂದ ಗುಣಿಸಿ 111.33ರಲ್ಲಿ ಕಳೆಯಿರಿ, ಹುಡುಗಿಯರಿಗೆ 0.1847ರಿಂದ ಗುಣಿಸಿ 65.81ರಲ್ಲಿ. ಉಳಿದದ್ದೇ ಆಗ ಹೇಳಿದ ಆಮ್ಲಜನಕ ಬಳಕೆಯ ಅಂದಾಜು. ನಾಡಿ 168 ಇದ್ದ ಹುಡುಗನಿಗೆ ಸುಮಾರು 41 ಬರುತ್ತದೆ, 132 ಇದ್ದವನಿಗೆ 56. ಪಳಗಿದ ಹೃದಯ ಬಡಿತಕ್ಕೊಮ್ಮೆ ಹೆಚ್ಚು ರಕ್ತ ದೂಡುವುದರಿಂದ ಅದೇ ಕೆಲಸಕ್ಕೆ ಕಡಿಮೆ ಬಡಿತ ಸಾಕು.

ಕೆಡುವುದು ಹೆಚ್ಚಾಗಿ ಎಣಿಕೆಯಲ್ಲೇ. ಹುಡುಗರಲ್ಲಿ ಒಂದು ಬಡಿತ ತಪ್ಪಿದರೆ ಫಲಿತಾಂಶ 1.68ರಷ್ಟು ಆಚೀಚೆ. ನಾಡಿ ಹುಡುಕುತ್ತ ಹತ್ತು ಸೆಕೆಂಡ್ ಕಳೆದರೆ ಕ್ರೀಡಾಪಟುವಿಗೇ ಲಾಭ ಜಾಸ್ತಿ: ಅವನ ಬಡಿತ ಬೇಗ ಇಳಿಯುತ್ತದೆ, ಇಲ್ಲದ ಅಂತರ ಹಾಳೆಯ ಮೇಲೆ ಮೂಡುತ್ತದೆ. ಹೆಬ್ಬೆರಳಿಂದ ನೋಡಬೇಡಿ, ಅದಕ್ಕೂ ನಾಡಿ ಇದೆ. ಕುತ್ತಿಗೆ ಒತ್ತಿದರೆ ಬಡಿತವೇ ನಿಧಾನವಾಗಬಹುದು, ಮಣಿಕಟ್ಟು ವಾಸಿ.

ನಮ್ಮ ಬಿಸಿಲೂ ಸುಳ್ಳು ಹೇಳಿಸುತ್ತದೆ. ಸೆಕೆಯಲ್ಲಿ ರಕ್ತ ಚರ್ಮದ ಕಡೆ ಹರಿದು ನಾಡಿ ಏರುತ್ತದೆ. ಒಂದು ಗುಂಪನ್ನು ಬೆಳಿಗ್ಗೆ ಆರಕ್ಕೆ, ಇನ್ನೊಂದನ್ನು ಹನ್ನೊಂದಕ್ಕೆ ಹತ್ತಿಸಿದರೆ ಹೋಲಿಕೆ ದಂಡ. ಒಗ್ಗರಣೆ-ಮಿರ್ಚಿ, ಚಹಾ, ಗುಟ್ಕಾ ಎಲ್ಲ ಪರೀಕ್ಷೆ ಆದಮೇಲೆ. ಗುಂಡು ಎಸೆಯುವವನನ್ನೂ ದೂರ ಓಡುವವನನ್ನೂ "ಕ್ರೀಡಾಪಟು" ಎಂದು ಒಂದೇ ಪಟ್ಟಿಗೆ ಸೇರಿಸಬೇಡಿ.

ಎದೆನೋವು, ಉಬ್ಬಸ, ತಲೆಸುತ್ತು ಇರುವವರನ್ನು ಹತ್ತಿಸಬೇಡಿ. ಯಾರದಾದರೂ ಅಂಕಿ ತೀರಾ ಕೆಳಗಿದ್ದರೆ ಸೋಮಾರಿ ಎನ್ನುವ ಮೊದಲು ಹಿಮೋಗ್ಲೋಬಿನ್ ನೋಡಿಸಿ: ರಕ್ತಹೀನತೆಯಲ್ಲೂ ನಾಡಿ ಹೀಗೇ ಓಡುತ್ತದೆ.